ಏಳು ನಿಮಿಷಕ್ಕೆ ಕುಗ್ಗಿದ ರಸ್ತೆ

ಬ್ರೆಡ್ಡು ಹಗುರ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಒಂದು ಬ್ರೆಡ್ಡು ಹಗುರವೇ. ಎಂಬತ್ತು ಬ್ರೆಡ್ಡು, ಅದರ ಜೊತೆ ನಾಲ್ಕು ಟ್ರೇ ಬನ್ನು, ಅಷ್ಟನ್ನೂ ತಗಡಿನ ಪೆಟ್ಟಿಗೆಗೆ ತುಂಬಿ, ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿ, ನೀರಿನ ಟ್ಯಾಂಕಿನ ಏರು ಹತ್ತಿಸಿ ನೋಡಿ. ಅರ್ಧ ಏರಿಗೆ ಬರುವಷ್ಟರಲ್ಲಿ ಪೆಟ್ಟಿಗೆಯಲ್ಲಿ ಇರುವುದು ಬ್ರೆಡ್ಡೋ ಇಟ್ಟಿಗೆಯೋ ಅನ್ನುವ ಅನುಮಾನ ಬರುತ್ತದೆ.

ಆ ಏರನ್ನು ದಿನಾ ಹತ್ತುತ್ತಿದ್ದವನನ್ನು ಬೇಕರಿಯವರು ಬಿಸಿಬ್ರೆಡ್ ಅಂತಲೇ ಕರೆಯುತ್ತಿದ್ದರು. ಬಿಸಿ ಆರುವ ಮೊದಲೇ ಹದಿನೈದನೇ ಅಂಗಡಿಗೂ ಬ್ರೆಡ್ಡು ಮುಟ್ಟಬೇಕು ಅನ್ನುವುದು ಅವನ ಹಠ. ಹಠಕ್ಕೆ ವಯಸ್ಸಾಗಲಿಲ್ಲ, ಮೊಣಕಾಲಿಗೆ ಆಯಿತು. ನಲವತ್ತೊಂದು ತುಂಬುವ ಹೊತ್ತಿಗೆ ಬಲಗಾಲಿನ ಮಂಡಿ ಸಂಜೆಯಾದರೆ ಅವನ ಬನ್ನಿನ ಹಾಗೇ ಉಬ್ಬುತ್ತಿತ್ತು.

"ನನ್ನ ಮಂಡಿ ಹೋಯ್ತು. ನಿಂದೂ ಹೋಗೋ ತನಕ ಕಾಯ್ತಾ ಕೂತಿರ್ತೀಯೇನೋ?" ಅಂದಳು ಅಮ್ಮ. ಆ ಸೈಕಲ್ಲು ಮೊದಲು ಅಮ್ಮನದೇ. ಬಟ್ಟೆ ತೊಳೆಯುವ ಅಂಗಡಿಯಿಂದ ಮನೆಮನೆಗೆ ಇಸ್ತ್ರಿ ಬಟ್ಟೆ ಮುಟ್ಟಿಸುತ್ತಾ ಮೂವತ್ತೊಂದು ವರ್ಷ ತುಳಿದ ದೊಡ್ಡ ಚಕ್ರದ ಕರೀ ಸೈಕಲ್ಲು. "ಮನೇಲೇ ಮೋಟಾರು ಮಾಡೋಳಿದಾಳೆ. ಕೇಳೋಕೆ ನಿನಗೇನು ದಾಡಿ?"

ಮನೆಯಲ್ಲೇ ಇದ್ದವಳು ಅವನ ಅಕ್ಕ. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಅವಳ ಕಸುಬು. ಮನೆಗೆ ಅಂಟಿಕೊಂಡೇ ಶೆಡ್ಡು. ಗೋಡೆಯ ಮೇಲೆ ತಾಮ್ರದ ತಂತಿಯ ಸುರುಳಿಗಳು, ಬೆಂಚಿನ ಮೇಲೆ ಹೊಟ್ಟೆ ಬಿಚ್ಚಿಸಿಕೊಂಡು ಮಲಗಿದ ಪಂಪುಗಳು, ಗ್ರೈಂಡರುಗಳು, ಫ್ಯಾನುಗಳು. ಅವಳ ಬೆರಳ ತುದಿಗಳು ಸದಾ ವಾರ್ನಿಷ್ ಬಣ್ಣ.

ಕೇಳಿದ ಮೂರನೇ ವಾರಕ್ಕೆ ಸೈಕಲ್ಲು ತಯಾರಾಯಿತು. ಹಿಂದಿನ ಚಕ್ರದ ನಡುವೆ ಮೋಟಾರು, ಸೀಟಿನ ಕೆಳಗೆ ಬ್ಯಾಟರಿ, ಅದರ ಪಕ್ಕದಲ್ಲಿ ಪುಸ್ತಕದಷ್ಟು ದಪ್ಪದ ಒಂದು ಪೆಟ್ಟಿಗೆ, ಹ್ಯಾಂಡಲ್ಲಿನ ಮೇಲೆ ಪುಟ್ಟ ಮೀಟರು. ಬ್ರೇಕುಗಳೂ ಹೊಸವು.

ಬಿಸಿಬ್ರೆಡ್ ಹತ್ತಿ ಕೂರಲು ಹೋದ.

"ಇಳಿಯೋ ಕೆಳಗೆ, ಇನ್ನೂ ಮುಗಿದಿಲ್ಲ" ಅಂದಳು ಅಕ್ಕ. ಸೀಮೆಸುಣ್ಣ ತೆಗೆದು ಟೈರಿನ ಮೇಲೊಂದು ಗೆರೆ, ನೇರ ಅದರ ಕೆಳಗೆ ನೆಲದ ಮೇಲೊಂದು ಗೆರೆ ಎಳೆದಳು. ಸೈಕಲ್ಲನ್ನು ಮೆಲ್ಲಗೆ ತಳ್ಳಿದಳು. ಟೈರಿನ ಗೆರೆ ಮೇಲೆ ಹೋಗಿ, ಸುತ್ತಿ, ಮತ್ತೆ ನೆಲ ಮುಟ್ಟಿದ ಕಡೆ ಇನ್ನೊಂದು ಗೆರೆ. ಎರಡು ಗೆರೆಗಳ ನಡುವೆ ಟೇಪು ಹಿಡಿದಳು. "ಏಳೂಕಾಲು ಅಡಿ."

"ಇದೇನು, ಸೈಕಲ್ಲಿಗೆ ಅಂಗಿ ಹೊಲಿಸ್ತೀಯ?"

"ಮೋಟಾರಿನ ಒಳಗೆ ಚಕ್ರ ಎಷ್ಟು ಸುತ್ತು ಸುತ್ತಿತು ಅಂತ ಎಣಿಸೋ ವ್ಯವಸ್ಥೆ ಇದೆ. ಆ ಎಣಿಕೆ ಈ ಪೆಟ್ಟಿಗೆಗೆ ಬರುತ್ತೆ. ಪೆಟ್ಟಿಗೆಗೆ ಕಣ್ಣಿಲ್ಲ, ರಸ್ತೆ ಕಾಣಲ್ಲ. ಎಣಿಸೋದೊಂದೇ ಗೊತ್ತು. ಒಂದು ಸುತ್ತಿಗೆ ಚಕ್ರ ಎಷ್ಟು ನೆಲ ಓಡುತ್ತೆ ಅಂತ ನಾವು ಹೇಳಿಕೊಡಬೇಕು. ಆಗ ಗುಣಿಸಿಕೊಂಡು ವೇಗ ಕಂಡುಹಿಡಿಯುತ್ತೆ. ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ಮುಟ್ಟಿತು ಅಂದ್ರೆ ಮೋಟಾರಿಗೆ ಕರೆಂಟು ಕೊಡೋದನ್ನ ನಿಲ್ಲಿಸುತ್ತೆ. ಅದಕ್ಕಿಂತ ಜೋರಾಗಿ ಹೋಗೋ ಆಸೆ ಇದ್ರೆ ತುಳ್ಕೋ, ಯಾರು ಬೇಡ ಅಂದ್ರು? ಮೋಟಾರು ಮಾತ್ರ ಜೊತೆಗೆ ಬರಲ್ಲ."

"ಇಪ್ಪತ್ತೈದೇ ಯಾಕೆ? ಮೋಟಾರಿಗೆ ತಾಕತ್ತಿಲ್ವ?"

"ತಾಕತ್ತು ಇದೆ. ಅದು ಏರು ಹತ್ತೋಕೆ, ಭಾರ ಎಳೆಯೋಕೆ. ಹಾರೋಕಲ್ಲ" ಅಂದಳು ಅಕ್ಕ. ಪೆಟ್ಟಿಗೆಯಿಂದ ಹೊರಬಂದ ಒಂದು ಬಿಳಿ ತಂತಿಯ ಕೊಂಡಿ ತೋರಿಸಿದಳು. "ಇದೂ ವೇಗ ತಡೆಯೋ ತಂತಿಯೇ. ಮುಟ್ಟಬೇಡ." ಅದರ ಮೇಲೆ ಕೆಂಪು ಅರಗು ಕರಗಿಸಿ ಬಿಟ್ಟು, ಆರುವ ಮೊದಲೇ ತನ್ನ ಹೆಬ್ಬೆರಳು ಒತ್ತಿದಳು. ಬಿಸಿ ತಾಗಿ ಬೆರಳು ಬಾಯಿಗೆ ಹೋಯಿತು, ಗುರುತು ಮಾತ್ರ ಅಚ್ಚುಕಟ್ಟಾಗಿ ಬಿತ್ತು.

ಮೊದಲ ದಿನವೇ ಬಿಸಿಬ್ರೆಡ್ ಟ್ಯಾಂಕಿನ ಏರನ್ನು ಕೂತೇ ಹತ್ತಿದ. ಹಿಂದೆಯಿಂದ ಯಾರೋ ಬೆನ್ನಿಗೆ ಕೈ ಕೊಟ್ಟು ತಳ್ಳಿದ ಹಾಗೆ. ಚಿಕ್ಕಂದಿನಲ್ಲಿ ಸೈಕಲ್ ಕಲಿಯುವಾಗ ಹಾಗೆ ತಳ್ಳುತ್ತಿದ್ದವಳು ಅಕ್ಕನೇ. ಎಂಟು ನಲವತ್ತಕ್ಕೆ ಬೇಕರಿಗೆ ವಾಪಸಾಗುತ್ತಿದ್ದವನು ಎಂಟು ಗಂಟೆ ಐದು ನಿಮಿಷಕ್ಕೇ ಬಂದ. ಮಂಡಿ ಉಬ್ಬಲಿಲ್ಲ.

ಬೇಕರಿಯ ಯಜಮಾನರು ಹಿಟ್ಟಿನ ಕೈಯಲ್ಲೇ ಸೈಕಲ್ಲಿನ ಸುತ್ತ ಎರಡು ಸುತ್ತು ಬಂದರು. ಅವರ ಬಳಿ ಇನ್ನೂ ಆರು ಸೈಕಲ್ಲುಗಳಿದ್ದವು, ತುಳಿಯುವ ಆರು ಜನರೂ ಮಂಡಿ ಹಿಡಿದುಕೊಂಡೇ ಕೂರುತ್ತಿದ್ದರು. "ಒಂದು ತಿಂಗಳು ನೋಡ್ತೀನಿ. ಕೊನೇ ಶನಿವಾರ ನಿಮ್ಮಕ್ಕನನ್ನ ಕರ್ಕೊಂಡು ಬಾ. ಸರಿ ಅನ್ನಿಸಿದ್ರೆ ಆರೂ ಅವರ ಶೆಡ್ಡಿಗೆ. ಇಲ್ಲ ಅಂದ್ರೆ ದೊಡ್ಡ ಕಂಪನಿಯವರು ಯಾರಾದ್ರೂ ಸಿಗ್ತಾರೆ" ಅಂದರು.

ಮಾತು ಮನೆಗೆ ಮುಟ್ಟಿದಾಗ ಅಕ್ಕ ಊಟದ ತಟ್ಟೆಯ ಮುಂದೆ ಕೂತು ಬೆರಳು ಮಡಿಸಿ ಏನೋ ಎಣಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: "ಹದಿನೆಂಟು ವರ್ಷ, ಬೇರೆಯವರು ಕಟ್ಟಿದ್ದು ಕೆಟ್ಟಾಗ ರಿಪೇರಿ ಮಾಡಿದ್ದೇ ಆಯ್ತು. ಇದು ನಾನು ಕಟ್ಟಿದ್ದು ಅಂತ ಏಳು ಸೈಕಲ್ಲು ರಸ್ತೆ ಮೇಲೆ ಓಡಿದ್ರೆ ಹೇಗಿರುತ್ತೆ, ಅಲ್ವೇನಮ್ಮ?"

ಬಿಸಿಬ್ರೆಡ್ ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡ. ಆ ಆರು ಸೈಕಲ್ಲು ಅಕ್ಕನಿಗೇ ಸಿಗಬೇಕು.

ಮೂರು ವಾರ ಎಲ್ಲ ಸರಿಯಾಗಿ ಓಡಿತು, ಹಾಲಿನ ವ್ಯಾನಿನವನ ಬಾಯಿಯೊಂದನ್ನು ಬಿಟ್ಟು. ಅವನೂ ಅದೇ ಅಂಗಡಿಗಳಿಗೆ ಹಾಲು ಹಾಕುವವನು. ಇಳಿಜಾರಿನಲ್ಲಿ ವ್ಯಾನು ಪಕ್ಕಕ್ಕೆ ತಂದು ಕಿಟಕಿಯಿಂದ ತಲೆ ಹಾಕುತ್ತಿದ್ದ.

"ಏನ್ ಗುರೂ, ಮೋಟಾರು ನಿದ್ದೆ ಮಾಡ್ತಿದ್ಯ? ಜೋಗುಳ ಹಾಡ್ಲಾ?"

"ಇಪ್ಪತ್ತೈದಕ್ಕೆ ಕಟ್ಟಿದ್ದಾರೆ ಅಣ್ಣ."

"ಕಟ್ಟಿದ್ರೆ ಬಿಚ್ಚು! ಒಂದು ಬಿಳಿ ತಂತಿ ಇರುತ್ತೆ ನೋಡು, ಕಿತ್ತು ಬಿಸಾಕು. ಹತ್ತು ಕಿಲೋಮೀಟರ್ ಜಾಸ್ತಿ ಆಗುತ್ತೆ, ಅಷ್ಟೇ. ಹತ್ತಕ್ಕೆ ಯಾರು ಸಾಯ್ತಾರೆ? ನಿಮ್ಮ ಯಜಮಾನರು ಆರು ಸೈಕಲ್ ಕೊಡೋದು ಆಮೆ ಸಾಕೋರಿಗೋ ಕುದುರೆ ಸಾಕೋರಿಗೋ, ನೀನೇ ಯೋಚನೆ ಮಾಡು."

ಆಮೆಯ ಮಾತು ಅವನಿಗೆ ನಾಟಿತು. ತನ್ನನ್ನು ಆಮೆ ಅಂದಿದ್ದರೆ ನಕ್ಕು ಬಿಡುತ್ತಿದ್ದ. ಅಕ್ಕ ಕಟ್ಟಿದ್ದನ್ನು ಅಂದಿದ್ದ.

ಬಿಳಿ ತಂತಿ ಮುಟ್ಟುವಂತಿರಲಿಲ್ಲ, ಮೇಲೆ ಅಕ್ಕನ ಹೆಬ್ಬೆರಳಿತ್ತು. ಆದರೆ ಅವಳು ಮೀಟರಿನ ಗುಂಡಿ ಒತ್ತಿ ಚಕ್ರದ ಅಳತೆ ಹೇಳಿಕೊಟ್ಟದ್ದನ್ನು ಅವನು ಪಕ್ಕದಲ್ಲೇ ನಿಂತು ನೋಡಿದ್ದ. ಕೊನೆಯ ವಾರದ ಮಂಗಳವಾರ ಬೆಳಿಗ್ಗೆ ಬೇಕರಿಯ ಹಿಂದೆ ನಿಂತು ಅದೇ ಗುಂಡಿ ಒತ್ತಿದ. ದೊಡ್ಡ ಚಕ್ರದ ಸೈಕಲ್ಲಿಗೆ ಮಕ್ಕಳ ಸೈಕಲ್ಲಿನ ಚಿಕ್ಕ ಚಕ್ರದ ಅಳತೆ ಕೊಟ್ಟುಬಿಟ್ಟ. ಚಕ್ರ ಏಳೂಕಾಲು ಅಡಿ ಓಡಿದರೆ ಪೆಟ್ಟಿಗೆ ಐದೇ ಅಡಿ ಚಿಲ್ಲರೆ ಅಂದುಕೊಳ್ಳುತ್ತದೆ. ಸೈಕಲ್ಲು ಮೂವತ್ತೈದರಲ್ಲಿ ಹೋಗುತ್ತಿದ್ದರೂ ಮೀಟರು ಪಾಪ, ಇಪ್ಪತ್ತೈದು ಅಂತಲೇ ತೋರಿಸುತ್ತದೆ. ಅಕ್ಕ ಬಂದು ನೋಡಿದರೂ ಇಪ್ಪತ್ತೈದೇ. ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡ.

ಆ ದಿನ ಇಳಿಜಾರಿನಲ್ಲಿ ಹಾಲಿನ ವ್ಯಾನು ಹಿಂದೆ ಬಿತ್ತು. ವಾಪಸಾದ ಹೊತ್ತನ್ನು ಬೇಕರಿಯ ಬಾಗಿಲ ಹಲಗೆಯ ಮೇಲೆ ಬರೆದ: ಏಳು ಐವತ್ತೆಂಟು. ಏಳು ನಿಮಿಷ ಉಳಿದಿತ್ತು. ಯಜಮಾನರು ಹಲಗೆ ನೋಡಿ ಹುಬ್ಬು ಏರಿಸಿದರು. ಬುಧವಾರವೂ ಹಾಗೆಯೇ.

ಗುರುವಾರ ಮಾತ್ರ ಬೇರೆಯಾಯಿತು.

ಔಷಧಿ ಅಂಗಡಿಯ ತಿರುವು. ಎಡಗಡೆ ಗೋಡೆ, ಆಚೆ ಏನಿದೆ ಕಾಣುವುದಿಲ್ಲ. ತಿರುಗಿದ ಕೂಡಲೇ ರಸ್ತೆಯ ನಡುವೆ ಒಬ್ಬ ಅಜ್ಜಿ. ಕೈಯಲ್ಲಿ ಊರುಗೋಲು, ಹೆಗಲ ಮೇಲೆ ಬೂದು ಬಣ್ಣದ ಶಾಲು. ಬಿಸಿಬ್ರೆಡ್ ಎರಡೂ ಬ್ರೇಕು ಹಿಡಿದ. ಹಿಡಿದ ತಕ್ಷಣ ಮೋಟಾರಿಗೆ ಕರೆಂಟು ನಿಂತೇಹೋಯಿತು, ಅಕ್ಕ ಹಾಗೆ ಕಟ್ಟಿದ್ದಳು. ಆದರೆ ಸೈಕಲ್ಲು ನಿಲ್ಲಲಿಲ್ಲ. ಇಷ್ಟು ದಿನ ಎಲ್ಲಿ ನಿಲ್ಲುತ್ತಿತ್ತೋ ಆ ಜಾಗ ಕಣ್ಣ ಮುಂದೆಯೇ ಹಿಂದೆ ಸರಿಯಿತು. ಹಿಂದಿನ ಭಾರ ಮುಂದಕ್ಕೆ ನೂಕಿತು, ಟೈರು ಕಿರುಚಿತು. ಹ್ಯಾಂಡಲ್ಲು ತಿರುಗಿಸಿದ. ಅಜ್ಜಿಯ ಶಾಲಿನ ಅಂಚು ಬ್ರೇಕಿನ ಹಿಡಿಗೆ ತಾಗಿ, ಎಳೆದು, ಬಿಟ್ಟುಕೊಂಡಿತು. ಅಷ್ಟೇ. ಶಾಲಿಗೆ ತಾಗಿದ್ದು ಅಜ್ಜಿಗೆ ತಾಗಲಿಲ್ಲ.

ಅವನು ಸೈಕಲ್ಲು ಬಿಟ್ಟು ಓಡಿ ಬಂದ.

ಅಜ್ಜಿ ಶಾಲು ಸರಿಮಾಡಿಕೊಂಡಳು. "ಇರಲಿ ಬಿಡು ಮಗಾ. ತಪ್ಪು ನಂದೇ. ನಾನೇ ನಿಧಾನ" ಅಂದಳು.

ಬೈದಿದ್ದರೆ ಚೆನ್ನಾಗಿತ್ತು. ಉಳಿದ ಆರು ಅಂಗಡಿಗಳಿಗೆ ಅವನು ಸೈಕಲ್ಲು ತಳ್ಳಿಕೊಂಡೇ ಹೋದ.

ಸಂಜೆ ಅಕ್ಕ ಶೆಡ್ಡಿನ ಮುಂದೆ ಸೈಕಲ್ಲು ನಿಲ್ಲಿಸಿಕೊಂಡು ವಾರದ ತಪಾಸಣೆಗೆ ಕೂತಳು. ಅಮ್ಮ ಮೆಟ್ಟಿಲ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಬಿಸಿಬ್ರೆಡ್ ಇಲ್ಲದ ಕೆಲಸ ಹುಡುಕಿಕೊಂಡು ಅಲ್ಲೇ ಸುಳಿದಾಡುತ್ತಿದ್ದ.

ಅಕ್ಕ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿದಳು. ಎರಡು ಸಡಿಲ. ಬ್ರೇಕಿನ ರಬ್ಬರು ನೋಡಿದಳು. "ಮೂರು ವಾರದಲ್ಲಿ ಸವೆಯದ್ದು ಮೂರು ದಿನದಲ್ಲಿ ಸವೆದಿದೆ" ಅಂತ ತನಗೆ ತಾನೇ ಅಂದುಕೊಂಡಳು. ಬ್ಯಾಟರಿ ನೋಡಿದಳು. ದಿನಾ ಎರಡು ಗೆರೆ ಉಳಿಸಿಕೊಂಡು ಬರುತ್ತಿದ್ದ ಬ್ಯಾಟರಿಯಲ್ಲಿ ಒಂದೇ ಗೆರೆ ಮಿಣುಕುತ್ತಿತ್ತು. ಕೊನೆಗೆ ಮೀಟರಿನಲ್ಲಿ ಒಟ್ಟು ಓಡಿದ ಕಿಲೋಮೀಟರ್ ನೋಡಿ, ಗೋಡೆಯ ಮೇಲಿನ ತನ್ನ ಬರಹ ನೋಡಿ, ಮತ್ತೆ ಮೀಟರು ನೋಡಿದಳು.

"ಲೋ, ಈ ವಾರ ಯಾವ ಅಂಗಡಿ ಬಿಟ್ಟೆ?"

"ಯಾವುದೂ ಬಿಟ್ಟಿಲ್ವಲ್ಲ. ಹದಿನೈದೂ ಹಾಕಿದೀನಿ."

"ಒಂದು ಸುತ್ತಿಗೆ ಹದಿನಾಲ್ಕು ಕಿಲೋಮೀಟರ್. ಮಂಗಳವಾರದಿಂದ ಇವತ್ತಿನವರೆಗೆ ಮೂರು ಸುತ್ತು. ನಲವತ್ತೆರಡು ಆಗಬೇಕು. ಮೀಟರಲ್ಲಿ ಮೂವತ್ತೇ ಇದೆ." ಅಕ್ಕ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. "ಊರಲ್ಲಿ ರಸ್ತೆ ಯಾವಾಗಪ್ಪ ಕುಗ್ಗಿತು?"

ಅಮ್ಮನ ಎಣ್ಣೆ ಕೈ ನಿಂತಿತು. "ರಸ್ತೆ ಎಲ್ಲಾದ್ರೂ ಕುಗ್ಗುತ್ತೇನೇ? ನಾನು ತುಳಿಯೋವಾಗ ಹಿಗ್ಗುತ್ತಿತ್ತಪ್ಪ."

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಬಿಸಿಬ್ರೆಡ್ ನೆಲದ ಮೇಲೆ ಕೂತು ಎಲ್ಲ ಹೇಳಿದ. ಆಮೆಯ ಮಾತು, ಚಕ್ರದ ಅಳತೆ, ಏಳು ನಿಮಿಷ, ಔಷಧಿ ಅಂಗಡಿಯ ತಿರುವು. ಅಜ್ಜಿಯ ಬೂದು ಶಾಲು. "ನಿನಗೋಸ್ಕರ ಮಾಡಿದೆ ಕಣೆ ಅಕ್ಕ. ಜೋರಾಗಿ ಓಡಿದ್ರೆ ಆರೂ ಸೈಕಲ್ಲು ನಿನಗೇ ಬರುತ್ತೆ ಅಂತ."

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. "ನನಗೋಸ್ಕರ ಅಂತ ನಾನು ಕಟ್ಟಿದ್ದನ್ನೇ ಸುಳ್ಳು ಹೇಳೋಕೆ ಕಲಿಸಿದೆಯಲ್ಲೋ" ಅಂದಳು. ಕೋಪವಿರಲಿಲ್ಲ, ಅದೇ ಅವನಿಗೆ ಹೆಚ್ಚು ನೋಯಿಸಿತು. "ನಾನು ಬ್ರೇಕು ಆರಿಸಿದ್ದು ಇಪ್ಪತ್ತೈದಕ್ಕೆ. ಕಡ್ಡಿ ಬಿಗಿದದ್ದು ಇಪ್ಪತ್ತೈದಕ್ಕೆ. ಬ್ಯಾಟರಿ ಅಳೆದದ್ದು ಇಪ್ಪತ್ತೈದಕ್ಕೆ. ಎಲ್ಲಾ ಒಂದಕ್ಕೊಂದು ಮಾತು ಕೊಟ್ಟುಕೊಂಡಿರುತ್ತೆ. ನೀನು ಒಂದನ್ನ ಬಿಚ್ಚಿದ್ರೆ ಉಳಿದದ್ದು ಯಾವುದೂ ನಿಂತ ಜಾಗದಲ್ಲಿ ನಿಲ್ಲಲ್ಲ."

"ಹತ್ತೇ ಅಲ್ವಾ ಜಾಸ್ತಿ ಅಂತ..."

"ಹತ್ತು ಅಂದ್ರೆ ಎಷ್ಟು ಅಂತ ಗೊತ್ತಾ ನಿನಗೆ?"

ಅವನು ತಲೆ ಅಲ್ಲಾಡಿಸಿದ. ಔಷಧಿ ಅಂಗಡಿಯ ತಿರುವಿನಲ್ಲಿ ಅಂದಾಜು ಸಿಕ್ಕಿತ್ತು, ಲೆಕ್ಕ ಸಿಕ್ಕಿರಲಿಲ್ಲ. ಅಕ್ಕ ಮೀಟರಿನ ಗುಂಡಿ ಒತ್ತಿ ಚಕ್ರಕ್ಕೆ ಅದರ ನಿಜವಾದ ಅಳತೆ ವಾಪಸು ಕೊಟ್ಟಳು. ಕಡ್ಡಿ ಬಿಗಿದಳು, ಬ್ರೇಕಿಗೆ ಹೊಸ ರಬ್ಬರು ಹಾಕುತ್ತಾ ಆ ಹತ್ತರ ಲೆಕ್ಕ ಬಿಡಿಸಿ ಹೇಳಿದಳು. ಶುಕ್ರವಾರ ಬೇಕರಿಯ ಹಲಗೆಯ ಮೇಲೆ ಮತ್ತೆ ಎಂಟು ಐದು ಬಿತ್ತು.

ಶನಿವಾರ ಮೂವರೂ ಬೇಕರಿಗೆ ಹೋದರು. ಅಮ್ಮನನ್ನು ಯಾರೂ ಕರೆದಿರಲಿಲ್ಲ. "ಸೈಕಲ್ಲು ಯಾರದು?" ಅಂದಳು, ಅಲ್ಲಿಗೆ ಮಾತು ಮುಗಿಯಿತು.

ಯಜಮಾನರು ಹಲಗೆಯ ಮುಂದೆ ನಿಂತಿದ್ದರು. ಅವರಿಗೆ ತುಂಬ ಖುಷಿಯಾಗಿತ್ತು. "ಕೆಲಸ ಚೆನ್ನಾಗಿದೆ ತಾಯಿ. ಆರೂ ನಿಮಗೇ ಅಂತ ಮನಸ್ಸಲ್ಲಿ ಮಾಡಿದೀನಿ. ಒಂದೇ ಮಾತು. ಈ ವಾರ ಮಂಗಳವಾರ, ಬುಧವಾರ ಏಳು ಐವತ್ತೆಂಟಕ್ಕೆ ಬಂದಿದಾನೆ ನೋಡಿ. ಗುರುವಾರ ಯಾಕೋ ತಡ, ನಿನ್ನೆ ಮತ್ತೆ ಎಂಟು ಐದು. ಆ ಎರಡು ದಿನ ಹೇಗಿತ್ತೋ, ಆರನ್ನೂ ಹಾಗೇ ಮಾಡಿಕೊಡಿ."

ಸುಮ್ಮನಿದ್ದರೆ ಆರೂ ಸೈಕಲ್ಲು ಅಂಗೈಯಲ್ಲಿತ್ತು. ಬಿಸಿಬ್ರೆಡ್ ಅಕ್ಕನ ಮುಖ ನೋಡಿದ. ವಾರ್ನಿಷ್ ಬೆರಳುಗಳು ಒಂದನ್ನೊಂದು ಹಿಂಡುತ್ತಿದ್ದವು.

"ಹಾಗೆ ಮಾಡಿಕೊಡಲ್ಲ ಯಜಮಾನ್ರೆ" ಅಂದಳು ಅಕ್ಕ. "ಆ ಎರಡು ದಿನ ಮೂವತ್ತೈದರಲ್ಲಿ ಓಡಿದೆ. ಇಪ್ಪತ್ತೈದು ಮೀರೋ ಸೈಕಲ್ಲು ನನ್ನ ಶೆಡ್ಡಿಂದ ಹೊರಗೆ ಬರಲ್ಲ. ಕಾನೂನೂ ಅದನ್ನೇ ಹೇಳುತ್ತೆ. ಬೇರೆಯವರ ಹತ್ರ ಮಾಡಿಸೋದಾದ್ರೆ ನಿಮ್ಮಿಷ್ಟ."

ಯಜಮಾನರ ಮುಖ ಗಂಟಿಕ್ಕಿತು. "ಏನಮ್ಮ, ಹತ್ತು ಕಿಲೋಮೀಟರಿಗೆ ಇಷ್ಟು ದೊಡ್ಡ ಮಾತಾ?"

"ಆ ಎರಡು ದಿನ ಕಳ್ಳತನ ಮಾಡಿದ್ದು ನಾನು" ಅಂದ ಬಿಸಿಬ್ರೆಡ್. ಮಾತು ಬಾಯಿಂದ ಹೊರಬಿದ್ದ ಮೇಲೆ ಉಳಿದದ್ದು ಸಲೀಸಾಯಿತು. "ಹತ್ತು ಅಂದ್ರೆ ಎಷ್ಟು ಅಂತ ನನಗೂ ಗೊತ್ತಿರಲಿಲ್ಲ ಯಜಮಾನ್ರೆ. ಹಿಂದಿನ ಅಂಗಳದ ಗೇಟು ಹಾಕಿಸಿ. ತೋರಿಸ್ತೀವಿ."

ಬೇಕರಿಯ ಹಿಂದೆ ಲಾರಿ ನಿಲ್ಲುವ ಉದ್ದನೆಯ ಅಂಗಳ. ಗೇಟು ಹಾಕಿಸಿದರು. ಒಲೆಯವರು, ಹಿಟ್ಟು ಕಲಸುವವರು, ಸೈಕಲ್ಲಿನ ಆರು ಜನ, ಲೋಡು ಇಳಿಸಲು ಬಂದಿದ್ದ ಹಾಲಿನ ವ್ಯಾನಿನವನು ಎಲ್ಲರೂ ಗೋಡೆಗೆ ಒರಗಿ ನಿಂತರು. ಅಕ್ಕ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು. ಅಲ್ಲಿಂದ ಹನ್ನೆರಡು ಹೆಜ್ಜೆ ನಡೆದು, ಹಿಟ್ಟಿನ ಖಾಲಿ ಚೀಲಕ್ಕೆ ಹಳೇ ಕಾಗದ ತುರುಕಿ ಆಳೆತ್ತರಕ್ಕೆ ನಿಲ್ಲಿಸಿದಳು. "ಗೆರೆ ಮುಟ್ಟಿದ ಮೇಲೆ ಬ್ರೇಕು. ಮೊದಲಲ್ಲ. ಹೆಲ್ಮೆಟ್ ಹಾಕ್ಕೋ."

ಅಮ್ಮ ಕುಂಟುತ್ತಾ ಚೀಲದ ಹತ್ತಿರ ಹೋದಳು. ಹೆಗಲ ಮೇಲಿನ ತನ್ನ ಬೂದು ಶಾಲು ತೆಗೆದು ಚೀಲಕ್ಕೆ ಹೊದಿಸಿ, ಕತ್ತಿನ ಹತ್ತಿರ ಗಂಟು ಹಾಕಿದಳು. "ಅವಳಿಗೂ ಶಾಲಿತ್ತು ಅಂದೆಯಲ್ಲ" ಅಂದಳು ಮಗನಿಗೆ.

ಮೊದಲ ಸಲ ಇಪ್ಪತ್ತೈದರಲ್ಲಿ. ಪೆಟ್ಟಿಗೆ ತುಂಬ ಬ್ರೆಡ್ಡಿನಷ್ಟೇ ಭಾರ. ಬಿಸಿಬ್ರೆಡ್ ಅಂಗಳದ ಆ ತುದಿಯಿಂದ ಬಂದ, ಗೆರೆ ಮುಟ್ಟಿದ, ಬ್ರೇಕು ಹಿಡಿದ. ಸೈಕಲ್ಲು ಅಚ್ಚುಕಟ್ಟಾಗಿ ನಿಂತಿತು. ಅಕ್ಕ ಹೆಜ್ಜೆ ಹಾಕಿ ಅಳೆದಳು. ಹತ್ತೂವರೆ. ಮುಂದಿನ ಚಕ್ರಕ್ಕೂ ಅಮ್ಮನ ಶಾಲಿಗೂ ನಡುವೆ ಒಂದೂವರೆ ಹೆಜ್ಜೆ ನೆಲ ಇತ್ತು. ಸೈಕಲ್ಲಿನವರು ಚಪ್ಪಾಳೆ ತಟ್ಟಿದರು.

"ಈಗ ಆ ಏಳು ನಿಮಿಷದ್ದು" ಅಂದಳು ಅಕ್ಕ. ಗುಂಡಿ ಒತ್ತಿ ಚಕ್ರಕ್ಕೆ ಸುಳ್ಳು ಅಳತೆ ಕೊಟ್ಟಳು.

ಬಿಸಿಬ್ರೆಡ್ ಬಂದ. ಮೀಟರಿನಲ್ಲಿ ಅದೇ ಇಪ್ಪತ್ತೈದು. ಗೆರೆ ಮುಟ್ಟಿದ, ಮೊದಲಿನಷ್ಟೇ ಬಿಗಿಯಾಗಿ ಬ್ರೇಕು ಹಿಡಿದ. ಬೂದು ಶಾಲು ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು, ದೊಪ್ಪನೆ ಸದ್ದು. ಚೀಲ ಒಡೆದು ಬಿಳಿ ಹಿಟ್ಟಿನ ಧೂಳೆದ್ದಿತು. ಸೈಕಲ್ಲು ಇನ್ನೂ ಮುಂದಕ್ಕೆ ಜಾರುತ್ತಲೇ ಹೋಗಿ ನಿಂತಿತು. ಶಾಲು ಚಕ್ರದ ಕೆಳಗಿತ್ತು.

ಅಕ್ಕ ಹೆಜ್ಜೆ ಎಣಿಸಿದಳು. ಧೂಳಿನಲ್ಲಿ ಅವಳ ಧ್ವನಿ ಮಾತ್ರ ಕೇಳುತ್ತಿತ್ತು. "...ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು." ತಿರುಗಿ ನೋಡಿದಳು. "ವೇಗ ಹತ್ತು ಹೆಚ್ಚಿತು ಯಜಮಾನ್ರೆ. ನಿಲ್ಲೋ ದೂರ ಎರಡರಷ್ಟಾಯ್ತು. ಹತ್ತು ಅಂದ್ರೆ ಇದು."

ಯಜಮಾನರು ನಡೆದು ಬಂದು ಬಗ್ಗಿ ಶಾಲು ಎತ್ತಿಕೊಂಡರು. ಅದರ ಮೇಲೆ ಟೈರಿನ ಗುರುತು ಬಿದ್ದಿತ್ತು. ಹಿಟ್ಟು ಕೊಡವುತ್ತಾ ಅಮ್ಮನ ಮುಂದೆ ನಿಂತರು. "ನೀವು ಎಷ್ಟು ವರ್ಷ ತುಳಿದಿರಿ ಇದನ್ನ?"

"ಮೂವತ್ತೊಂದು." ಅಮ್ಮ ನೆಟ್ಟಗೆ ನಿಂತುಕೊಂಡಳು, ಮಂಡಿ ನೋವು ಮರೆತವಳ ಹಾಗೆ. "ಒಂದು ದಿನಾನೂ ಒಬ್ಬರಿಗೂ ತಾಗಿಸಿಲ್ಲ. ಮಗಳು ಮೋಟಾರು ಹಾಕ್ತೀನಿ ಅಂದಾಗ ಒಂದೇ ಮಾತು ಕೇಳಿದ್ದೆ. ನನ್ನ ಸೈಕಲ್ಲಿನ ಹೆಸರು ಕೆಡಿಸಬಾರದು ಅಂತ. ಅವಳು ಕೆಡಿಸಲಿಲ್ಲ ನೋಡಿ."

ಬಿಸಿಬ್ರೆಡ್ ಹಿಟ್ಟು ಮೆತ್ತಿದ ಮುಖ ಎತ್ತಿ ಅಕ್ಕನನ್ನು ನೋಡಿದ. ಸೈಕಲ್ ಸಿಗದಿದ್ದರೂ ಚಿಂತೆಯಿಲ್ಲ ಅನ್ನುವ ಹಾಗೆ ನಿಂತಿದ್ದಳು. ಇಂಥವಳ ತಮ್ಮ ತಾನು ಅಂತ ಅವನ ಎದೆ ತುಂಬಿತು.

ಯಜಮಾನರು ಆರು ಜನ ಸೈಕಲ್ಲಿನವರ ಕಡೆ ತಿರುಗಿದರು. "ನಾಳೆಯಿಂದ ದಿನಕ್ಕೊಂದು ಸೈಕಲ್ಲು ಅಕ್ಕನ ಶೆಡ್ಡಿಗೆ ತಗೊಂಡು ಹೋಗಿ. ಇಪ್ಪತ್ತೈದು. ಮೀಟರಿನ ಗುಂಡಿ ಮುಟ್ಟಿದವನಿಗೆ ನನ್ನ ಬೇಕರಿಯಲ್ಲಿ ಕೆಲಸ ಇಲ್ಲ." ಆಮೇಲೆ ಹಲಗೆಯ ಹತ್ತಿರ ಹೋಗಿ, ಹೊತ್ತು ಬರೆಯುವ ಸಾಲನ್ನು ತಮ್ಮ ಹಿಟ್ಟಿನ ಅಂಗೈಯಿಂದಲೇ ಒರೆಸಿ ಹಾಕಿದರು.

ಹಾಲಿನ ವ್ಯಾನಿನವನು ಗಂಟಲು ಸರಿಮಾಡಿಕೊಂಡ. "ಅಕ್ಕಾ... ನನ್ನ ಮಗನೂ ಒಂದು ಸೈಕಲ್ಲಿಗೆ ಮೋಟಾರು ಹಾಕಿಸಿಕೊಂಡಿದಾನೆ. ಬಿಳಿ ತಂತಿ ನಾನೇ ಕಿತ್ತುಕೊಟ್ಟೆ. ಸ್ವಲ್ಪ ನೋಡ್ತೀರಾ?"

"ಸಂಜೆ ಕಳಿಸಿ" ಅಂದಳು ಅಕ್ಕ. "ಜೋಗುಳ ಹಾಡೋಕೆ ನೀವೂ ಬನ್ನಿ."

ಸೋಮವಾರ ಬೆಳಿಗ್ಗೆ ಔಷಧಿ ಅಂಗಡಿಯ ತಿರುವಿನಲ್ಲಿ ಮತ್ತೆ ಅದೇ ಅಜ್ಜಿ. ಬಿಸಿಬ್ರೆಡ್ ಎಂಟು ಹತ್ತು ಹೆಜ್ಜೆ ಈಚೆಗೇ ಸೈಕಲ್ಲು ನಿಲ್ಲಿಸಿ ಕಾಲು ಊರಿದ. ಬ್ರೆಡ್ಡಿನ ಪೆಟ್ಟಿಗೆಯ ಬದಿಗೆ ಅಕ್ಕ ಬಳಿದ ಕೆಂಪು ಬಣ್ಣದ ೨೫ ಇನ್ನೂ ಸರಿಯಾಗಿ ಆರಿರಲಿಲ್ಲ. ಅಜ್ಜಿ ನಡುರಸ್ತೆಯಲ್ಲಿ ನಿಂತು ಕೈ ಬೀಸಿದಳು.

"ಹೋಗಪ್ಪ ಹೋಗು. ನಿನಗೆ ಹೊತ್ತಾಗುತ್ತೆ."

"ನೀವು ದಾಟಿ ಅಜ್ಜಿ. ನನ್ನ ಹತ್ರ ಏಳು ನಿಮಿಷ ಇದೆ."

ಅಜ್ಜಿ ಊರುಗೋಲು ಊರಿ ದಾಟಿದಳು. ಒಂದು ನಿಮಿಷವೂ ಹಿಡಿಯಲಿಲ್ಲ.

ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಸೈಕಲ್ಲಿಗೆ ಮೋಟಾರು ಹಾಕಿಸಿ, ಧಾರಾಳವಾಗಿ ಹಾಕಿಸಿ. ಮಂಡಿಗೂ ಒಳ್ಳೆಯದು, ಹೊಗೆಯೂ ಇಲ್ಲ. ಆದರೆ ಕೆಲಸ ಬಲ್ಲವರ ಹತ್ತಿರ ಹಾಕಿಸಿ. ನಿಮ್ಮ ಊರಿನ ಕಾನೂನು ಎಷ್ಟು ವೇಗಕ್ಕೆ ಒಪ್ಪಿಗೆ ಕೊಟ್ಟಿದೆ ಅಂತ ಕೇಳಿಕೊಂಡು, ಅದಕ್ಕೇ ಕಟ್ಟಿಸಿ. ಚಕ್ರದ ಅಳತೆಯನ್ನು ನಿಮ್ಮ ಕಣ್ಣ ಮುಂದೆಯೇ ಟೇಪು ಹಿಡಿಸಿ ಕೊಡಿಸಿ. ಆಮೇಲೊಂದು ದಿನ, ಎಷ್ಟು ದೂರ ಅಂತ ಗೊತ್ತಿರುವ ರಸ್ತೆಯಲ್ಲಿ ಓಡಿಸಿ ಮೀಟರು ನೋಡಿ. ರಸ್ತೆ ಕುಗ್ಗಿದ್ದರೆ ನಿಮ್ಮ ಮೀಟರು ಸುಳ್ಳು ಹೇಳುತ್ತಿದೆ, ತಡಮಾಡದೆ ಸರಿಮಾಡಿಸಿ. ಬ್ರೇಕು ಹಿಡಿದರೆ ಮೋಟಾರು ನಿಲ್ಲುತ್ತದೆಯೇ ಅಂತ ದಿನಾ ಹೊರಡುವ ಮೊದಲು ನೋಡಿ. ಬೇಕರಿಯ ಅಂಗಳದಲ್ಲಿ ನಡೆದ ಪರೀಕ್ಷೆಯನ್ನು ನೀವು ರಸ್ತೆಯಲ್ಲಿ ಮಾಡಲು ಹೋಗಬೇಡಿ. ಅದರ ಉತ್ತರ ನಿಮಗೆ ಈಗಾಗಲೇ ಗೊತ್ತು. ತಂತಿ ಕಿತ್ತು ಬಿಸಾಕು ಅಂತ ಯಾರಾದರೂ ಅಂದರೆ, ಆ ಬೂದು ಶಾಲನ್ನು ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ. ನಿಮ್ಮ ಮನೆಯಲ್ಲೂ ಶಾಲು ಹೊದ್ದು ರಸ್ತೆ ದಾಟುವವರು ಒಬ್ಬರು ಇದ್ದೇ ಇರುತ್ತಾರೆ.